ಕಡತದ ದಾರಿ ಮತ್ತು ಗಣಕಯಂತ್ರದ ಸಾಮರ್ಥ್ಯ

ಗಣಕಯಂತ್ರವಿಲ್ಲದ ಕಚೇರಿಯು ಇಂದು ಅಪರೂಪವಾಗಿದೆ. ಆದರೆ ಯಂತ್ರವಿರುವ ಕಚೇರಿಗಳೆಲ್ಲವುಗಳಲ್ಲಿಯೂ ಕೆಲಸವು ಸುಗಮವಾಗಿ ಸಾಗುತ್ತಿದೆಯೆಂದು ಹೇಳಲಾಗದು. ಕುರುಗೋಡಿನ ಕಡೆಯ ಹಳ್ಳಿಯೊಂದರಿಂದ ದಿನದ ಕೂಲಿಯನ್ನು ಬಿಟ್ಟು ಬಂದ ತಂದೆಯು ಮಗಳ ವರ್ಗಾವಣೆ ಪತ್ರಕ್ಕಾಗಿ ಮೂರು ಸಲ ಅಲೆಯಬೇಕಾದರೆ, ಮೇಜಿನ ಮೇಲಿನ ಯಂತ್ರದಿಂದ ಆತನಿಗಾದ ಪ್ರಯೋಜನವೇನು? ವಿದ್ಯಾಸಂಸ್ಥೆಗಳು ತಮ್ಮ ಕಡತಗಳನ್ನು ಗಣಕೀಕರಿಸಲು ಹೊರಟಿರುವ ಈ ಕಾಲದಲ್ಲಿ ಅಧ್ಯಾಪಕರೂ ದಾನಿಗಳೂ ಈ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳುವುದು ಉಚಿತ.

ಅರ್ಜಿಯೊಂದು ಒಬ್ಬರ ಮೇಜಿನಿಂದ ಮತ್ತೊಬ್ಬರ ಮೇಜಿಗೆ ನಿಯಮಾನುಸಾರ ತಾನಾಗಿಯೇ ಸಾಗುವಂತೆ ಗಣಕಯಂತ್ರದಲ್ಲಿ ಮಾಡುವ ಏರ್ಪಾಡಿಗೆ ‘ವರ್ಕ್‌ಫ್ಲೋ’ ಎಂದು ಹೆಸರು. ಅದನ್ನು ನಡೆಸುವ, ಎಲ್ಲರ ದಾಖಲೆಗಳನ್ನೂ ಒಂದೆಡೆ ಇಟ್ಟುಕೊಂಡು ಕೇಳಿದವರಿಗೆ ಒದಗಿಸುವ ಯಂತ್ರವೇ ‘ಸರ್ವರ್’. ಸರ್ವರನ್ನು ಕೊಳ್ಳುವುದು ಈ ಕಾರ್ಯದ ಕೊನೆಯ ಹೆಜ್ಜೆಯೇ ಹೊರತು ಮೊದಲನೆಯದಲ್ಲ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಉತ್ತಮ ನಿದರ್ಶನವಿದೆ. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು 2002ರ ಹೊತ್ತಿಗೆ ಅಂದಿನ 177 ತಾಲ್ಲೂಕುಗಳನ್ನು ವ್ಯಾಪಿಸಿ, ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ತಂದಿತು. ಬಳ್ಳಾರಿ, ಸಿರುಗುಪ್ಪದ ರೈತರೂ ಅಂದಿನಿಂದ ಮುದ್ರಿತ ಪಹಣಿಯನ್ನೇ ಪಡೆಯತೊಡಗಿದರು. ಆ ಯೋಜನೆಯ ಹಿರಿಮೆಯು ಯಂತ್ರಗಳ ಸಂಖ್ಯೆಯಲ್ಲಿರದೆ ಕಡತದ ದಾರಿಯನ್ನು ಮೊದಲೇ ನಿಶ್ಚಯಿಸಿದುದರಲ್ಲಿದೆ. ಖಾತೆ ಬದಲಾವಣೆಯ ಅರ್ಜಿಗೆ ಅಂದು ಕ್ರಮಸಂಖ್ಯೆ ಬೀಳಬೇಕಿತ್ತು, ನೋಟೀಸು ಹೊರಡಬೇಕಿತ್ತು, ಆಕ್ಷೇಪಣೆಗೆ 30 ದಿನಗಳ ಅವಕಾಶವಿರಬೇಕಿತ್ತು, ಆ ಬಳಿಕ ಕಂದಾಯ ನಿರೀಕ್ಷಕರ ಆದೇಶವಾಗಬೇಕಿತ್ತು. ಮೊದಲು ಬಂದವರ ಅರ್ಜಿಯೇ ಮೊದಲು ಇತ್ಯರ್ಥವಾಗಬೇಕೆಂಬ ನಿಯಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಯಿತು. ಯಾರು ತಿದ್ದಿದರೆಂಬುದು ತಿಳಿಯುವಂತೆ ನೌಕರರ ಬೆರಳಚ್ಚನ್ನೂ ಕಡ್ಡಾಯಗೊಳಿಸಲಾಯಿತು.

ಆದುದರಿಂದ ಕಡತದ ದಾರಿಯನ್ನು ಕಾಗದದ ಮೇಲೆ ಬರೆಯುವುದೇ ಮೊದಲ ಕೆಲಸ. ಅರ್ಜಿಯನ್ನು ಯಾರು ಸ್ವೀಕರಿಸುವರು, ಯಾರು ಪರಿಶೀಲಿಸುವರು, ಯಾರು ಸಹಿ ಮಾಡುವರು, ಅವರು ರಜೆಯಲ್ಲಿದ್ದರೆ ಮುಂದೇನು? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಎಂತಹ ಯಂತ್ರವೂ ಕಡತವನ್ನು ಮುಂದಕ್ಕೆ ತಳ್ಳಲಾರದು.

ಎರಡನೆಯದು ಲೆಕ್ಕ. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞನು 1909ರಲ್ಲಿ ದೂರವಾಣಿ ಕರೆಗಳ ದಟ್ಟಣೆಯನ್ನು ಗಣಿತದಿಂದ ವಿವೇಚಿಸಿ, ಸರದಿಯ ಶಾಸ್ತ್ರಕ್ಕೆ ತಳಹದಿ ಹಾಕಿದನು. ಆ ವಿಚಾರವೇ ಸರ್ವರಿನ ಯೋಜನೆಗೂ ಅನ್ವಯಿಸುತ್ತದೆ. ಸಂಸ್ಥೆಯೊಂದಕ್ಕೆ ದಿನಕ್ಕೆ 40 ಅರ್ಜಿಗಳು ಬರುವವೆಂದೂ, ಪ್ರತಿಯೊಂದಕ್ಕೂ 7 ದಿನ ಹಿಡಿಯುವುದೆಂದೂ ಭಾವಿಸೋಣ. ಆಗ ಯಾವ ದಿನ ನೋಡಿದರೂ ಸರಾಸರಿ 280 ಅರ್ಜಿಗಳು ಬಾಕಿಯಿರುತ್ತವೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ನಂತರದ ವಾರದಲ್ಲಿ ಅರ್ಜಿಗಳು ಐದು ಪಟ್ಟಾದರೂ ದಿನಕ್ಕೆ 200. ಆರು ಗಂಟೆಗಳ ಕಚೇರಿಯಲ್ಲಿ ಹೆಚ್ಚುಕಡಿಮೆ ಎರಡು ನಿಮಿಷಕ್ಕೊಂದು. ಇದು ಸಾಧಾರಣ ಸರ್ವರಿಗೂ ಭಾರವಲ್ಲ. ಭಾರವಾಗುವುದು ಸಹಿ ಮಾಡುವ ಕೈಗೆ. ಹೀಗಿರುವಾಗ ದೊಡ್ಡ ಯಂತ್ರ ಕೊಂಡರೆ ವಿಳಂಬ ತಗ್ಗುವುದೆಂಬುದು ಭ್ರಮೆ.

ಸಂಗ್ರಹದ ಲೆಕ್ಕವೂ ಇಷ್ಟೇ ಸರಳ. ಅರ್ಜಿಯೊಂದಕ್ಕೆ ಸ್ಕ್ಯಾನ್ ಮಾಡಿದ ಕಾಗದಗಳು 2 ಮೆಗಾಬೈಟ್ ಆದರೆ, ವರ್ಷದ 300 ದಿನಗಳ 12,000 ಅರ್ಜಿಗಳಿಗೆ ಸುಮಾರು 24 ಗಿಗಾಬೈಟ್. ಹತ್ತು ವರ್ಷಗಳಿಗೆ 240. ಒಂದು ಕೆಟ್ಟರೂ ಮತ್ತೊಂದು ಕೆಲಸ ನಡೆಸುವಂತೆ ಜೋಡಿಸಿದ, ತಲಾ ಒಂದು ಟೆರಾಬೈಟಿನ ಎರಡು ಡಿಸ್ಕುಗಳು ಇದಕ್ಕೆ ಸಾಕು. ಕಾರ್ಯಾಚರಣ ವ್ಯವಸ್ಥೆ, ದತ್ತಾಂಶ ಕೋಶ, ವರ್ಕ್‌ಫ್ಲೋ ತಂತ್ರಾಂಶಗಳಿಗೆ ಬೇಕಾದ ಸ್ಮೃತಿಯನ್ನು ಕೂಡಿಸಿದರೆ 16 ಗಿಗಾಬೈಟ್ ಆಗುವುದೆನ್ನೋಣ. ಮುಂದಿನ ಬೆಳವಣಿಗೆಗಾಗಿ 32 ಇಟ್ಟುಕೊಳ್ಳುವುದು ವಿವೇಕ.

ತಂತ್ರಾಂಶದಲ್ಲಿ ಲಿನಕ್ಸ್, ಪೋಸ್ಟ್‌ಗ್ರೆಸ್‌ಕ್ಯೂಎಲ್ ಮುಂತಾದವು ಪರವಾನಗಿ ಶುಲ್ಕವಿಲ್ಲದೆ ದೊರೆಯುತ್ತವೆ. ಆದರೆ ಅವುಗಳನ್ನು ಬಲ್ಲವರ ಸಂಬಳವನ್ನು ಆಯವ್ಯಯದಲ್ಲಿ ಸೇರಿಸಬೇಕು. ಹೆಸರುಗಳೆಲ್ಲವನ್ನೂ ಯೂನಿಕೋಡ್ ಕನ್ನಡದಲ್ಲಿಯೇ ದಾಖಲಿಸಬೇಕೆಂಬ ಷರತ್ತನ್ನು ಮರೆಯಬಾರದು. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಹೆಸರು ತೆರೆಯ ಮೇಲೆ ಕನ್ನಡವಾಗಿ ಕಂಡರೂ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗುತ್ತದೆ. ಇಪ್ಪತ್ತು ವರ್ಷಗಳ ನಂತರ ಹಳೆಯ ವಿದ್ಯಾರ್ಥಿಯೊಬ್ಬನು ಬಂದಾಗ ಆತನ ಹೆಸರೇ ಸಿಗದಂತಾಗಬಾರದು.

ಸ್ಥಳದ ಗುಣವನ್ನೂ ಗಮನಿಸಬೇಕು. ಸರ್ವರಿನೊಳಗೆ ಹೋಗುವ ಗಾಳಿಯು 18ರಿಂದ 27 ಡಿಗ್ರಿಯೊಳಗಿರುವುದು ಲೇಸೆಂದು ತಜ್ಞರು ಹೇಳುತ್ತಾರೆ. ಬಳ್ಳಾರಿಯ ಬೇಸಿಗೆಯು 40 ಡಿಗ್ರಿಯನ್ನು ದಾಟುತ್ತದೆ. ಆದುದರಿಂದ ಧೂಳು ಬಾರದ ಕೋಣೆ, ತಂಪುಯಂತ್ರ, ವಿದ್ಯುತ್ ಹೋದಾಗ ಆಧಾರವಾಗುವ ಯು.ಪಿ.ಎಸ್. ಇವು ಆಡಂಬರದ ವಸ್ತುಗಳಲ್ಲ. ಇನ್ನು 2009ರ ಅಕ್ಟೋಬರಿನ ಪ್ರವಾಹವು ಸಿರುಗುಪ್ಪ ಸೀಮೆಯ ನದೀತೀರದ ಊರುಗಳನ್ನು ಕಾಡಿದುದನ್ನು ಬಲ್ಲವರು, ದಾಖಲೆಗಳ ಪ್ರತಿಯೊಂದನ್ನು ಬೇರೆ ಊರಿನಲ್ಲಿ ಏಕೆ ಇಡಬೇಕೆಂಬುದನ್ನು ವಿವರಿಸದೆಯೇ ತಿಳಿಯಬಲ್ಲರು. ಪ್ರತಿ ಇಟ್ಟರೆ ಸಾಲದು. ಅದರಿಂದ ದಾಖಲೆಯು ಮರಳಿ ತೆರೆಯುವುದೇ ಎಂದು ಆಗಾಗ ಪರೀಕ್ಷಿಸಬೇಕು.

ಬದಲಾವಣೆಗೂ ಎಡೆಯಿರಬೇಕು. ಬಳ್ಳಾರಿ ತಾಲ್ಲೂಕಿನಲ್ಲಿದ್ದ ಕುರುಗೋಡು, 2017ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲೊಂದು. 2014ರಲ್ಲಿ ಊರಿನ ಹೆಸರಿನ ಅಧಿಕೃತ ಇಂಗ್ಲಿಷ್ ರೂಪವೇ ‘ಬೆಳ್ಳಾರಿ’ಯಿಂದ ‘ಬಳ್ಳಾರಿ’ಯಾಯಿತು. ತಾಲ್ಲೂಕು, ಹೆಸರು, ಅಧಿಕಾರಿ ಬದಲಾದಾಗ ತಂತ್ರಾಂಶವನ್ನೇ ಹೊಸದಾಗಿ ಬರೆಯಬೇಕಾಗಿ ಬಂದರೆ ಅದು ಯೋಜನೆಯ ದೋಷ.

ದಾನಿಗಳಲ್ಲಿ ಒಂದು ವಿನಂತಿ. ಯಂತ್ರವನ್ನು ಕೊಡುವ ಉದಾರತೆಯ ಜೊತೆಗೆ ಅದರ ಐದು ವರ್ಷಗಳ ನಿರ್ವಹಣೆಗೂ, ನೌಕರರ ತರಬೇತಿಗೂ ಕಿಂಚಿತ್ ಹಣವನ್ನು ಮೀಸಲಿಟ್ಟರೆ ದಾನವು ಸಫಲವಾಗುವುದು. ಹಳ್ಳಿಯಿಂದ ಬಂದ ಆ ತಂದೆಯು ಒಂದೇ ಸಲ ಬಂದು, ಪತ್ರವನ್ನು ಕೈಯಲ್ಲಿ ಹಿಡಿದು, ಸಂಜೆಯ ಬಸ್ಸಿಗೆ ಊರು ಸೇರಿದನೆಂದರೆ ಯೋಜನೆಯು ಸರಿಯಾಗಿದೆಯೆಂದು ತಿಳಿಯಬಹುದು.