ಸಂಜೆಯ ಹಸಿವಿಗೆ ಕಾಳು, ಪುರಿ, ಹುರಿಹಿಟ್ಟು

ಚಿಪ್ಸ್, ಪಫ್ಸ್, ಕ್ರೀಮ್ ಬಿಸ್ಕತ್ತು, ತಂಪು ಪಾನೀಯ ಮುಂತಾದವನ್ನು ಜಂಕ್ ಫುಡ್ ಎನ್ನುವುದಕ್ಕೆ ಕಾರಣವಿದೆ. ಇವುಗಳಲ್ಲಿ ಉಪ್ಪು, ಸಕ್ಕರೆ, ಕೊಬ್ಬು ಹೆಚ್ಚು; ನಾರು, ಪ್ರೋಟೀನು, ಜೀವಸತ್ವಗಳು ಕಡಿಮೆ. ಆಲೂಗಡ್ಡೆ ಚಿಪ್ಸಿನ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆಯೇ ಇರುತ್ತದೆ. 300 ಮಿ.ಲೀ. ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ 2000 ಕ್ಯಾಲೊರಿ ಆಹಾರ ಸೇವಿಸುವವರಿಗೆ, ಹೊರಗಿನಿಂದ ಸೇರಿಸಿದ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಲೆಕ್ಕ. ಉಪ್ಪಿಗೆ ಅದು ಹಾಕಿರುವ ಮಿತಿ ದಿನಕ್ಕೆ 5 ಗ್ರಾಂ.

ಇಂಥ ತಿಂಡಿಗಳನ್ನು ಅಳತೆಯಲ್ಲಿ ತಿನ್ನುವುದು ಕಷ್ಟ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಮಂದಿಗೆ ಎರಡು ವಾರ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ, ಎರಡು ವಾರ ಸಂಸ್ಕರಣೆ ಕಡಿಮೆಯಿದ್ದ ಆಹಾರವನ್ನೂ ಕೊಡಲಾಯಿತು. ಬೇಕಾದಷ್ಟು ತಿನ್ನಲು ಬಿಟ್ಟಾಗ, ಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಆದ್ದರಿಂದ ಬದಲಿ ತಿಂಡಿ ಹೊಟ್ಟೆಯನ್ನೂ ತುಂಬಬೇಕು, ನಾಲಿಗೆ ಬಯಸುವ ಗರಿಗರಿ, ಖಾರ, ಸಿಹಿಯನ್ನೂ ಕೊಡಬೇಕು. ಇಲ್ಲದಿದ್ದರೆ ಅದು ಹೆಚ್ಚು ದಿನ ಉಳಿಯುವುದಿಲ್ಲ.

ಗರಿಗರಿ ಬೇಕೆನ್ನುವವರಿಗೆ ಹುರಿಗಡಲೆ, ಹುರಿದ ಕಡಲೆಕಾಯಿ ಬೀಜ ಸುಲಭದ ಆಯ್ಕೆ. 30 ಗ್ರಾಂ ಕಡಲೆಕಾಯಿ ಬೀಜಕ್ಕೂ ಅಷ್ಟೇ ತೂಕದ ಚಿಪ್ಸಿಗೂ ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಎರಡರಲ್ಲೂ 160–170ರ ಆಸುಪಾಸು. ಆದರೆ ಚಿಪ್ಸಿನಲ್ಲಿ ಸುಮಾರು 2 ಗ್ರಾಂ ಪ್ರೋಟೀನು ಇದ್ದರೆ ಕಡಲೆಕಾಯಿಯಲ್ಲಿ 7 ಗ್ರಾಂ ಇರುತ್ತದೆ. ಹೀಗಾಗಿ ಒಂದು ಹಿಡಿ ಸಾಕು; ಹಿಡಿಯ ಮೇಲೆ ಹಿಡಿ ತಿಂದರೆ ಲಾಭ ಉಳಿಯದು. ಹುರಿಗಡಲೆಯಲ್ಲಿ ಪ್ರೋಟೀನು ಹೆಚ್ಚುಕಡಿಮೆ ಅಷ್ಟೇ ಇದ್ದು, ಕೊಬ್ಬು ಬಹಳ ಕಡಿಮೆ.

ಬೆಂಗಳೂರು–ಮೈಸೂರು ಕಡೆಯ ಪುರಿ, ದಾವಣಗೆರೆಯ ಮಂಡಕ್ಕಿ, ಹುಬ್ಬಳ್ಳಿ–ಧಾರವಾಡದ ಚುರಮುರಿ ಎಲ್ಲವೂ ಕಾದ ಮರಳಿನಲ್ಲಿ ಅರಳಿಸಿದ ಅಕ್ಕಿಯೇ. ಎಣ್ಣೆಯಿಲ್ಲದ ಈ ತಿಂಡಿ ಹಗುರ, ಆದರೆ ಬಹುಪಾಲು ಪಿಷ್ಟವಾದ್ದರಿಂದ ಬರಿಯ ಪುರಿ ತಿಂದರೆ ಬೇಗ ಹಸಿವಾಗುತ್ತದೆ. ಹುರಿಗಡಲೆ, ಶೇಂಗಾ, ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಕೊತ್ತಂಬರಿ, ನಿಂಬೆರಸ ಬೆರೆಸಿದರೆ ಆ ಕೊರತೆ ತುಂಬುತ್ತದೆ. ಅದರ ಮೇಲೆ ಸೇವು, ಮಿಕ್ಸ್ಚರ್ ಸುರಿದರೆ ಬಿಟ್ಟ ಎಣ್ಣೆ ಮತ್ತೆ ಬಂದಂತೆಯೇ. ಪುರಿಗೆ ಮೊದಲೇ ಉಪ್ಪು ಹಾಕಿರುವುದರಿಂದ ಮತ್ತೆ ಉಪ್ಪು ಬೇಕಾಗುವುದಿಲ್ಲ.

ಬಿಸಿಬಿಸಿಯಾಗಿ, ಖಾರವಾಗಿ ಬೇಕೆಂದರೆ ಬಜ್ಜಿ, ಬೋಂಡಾ ಬದಲು ಉಸಲಿ ಮಾಡಬಹುದು. ಹೆಸರುಕಾಳು, ಕಡಲೆಕಾಳು, ಅಲಸಂದೆ ಅಥವಾ ಹಸಿ ಅವರೆಕಾಳನ್ನು ಬೇಯಿಸಿ, ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕಿದರೆ ಆಯಿತು. ಹೆಸರುಬೇಳೆ ಕೋಸಂಬರಿಗಂತೂ ಒಲೆ ಹಚ್ಚುವುದೂ ಬೇಡ. ಬೇಳೆ ನೆನೆದರೆ ಸಾಕು. ಬೇಯಿಸಿದ ಮುಸುಕಿನ ಜೋಳ, ಬೇಯಿಸಿದ ಮೊಟ್ಟೆಯೂ ಇದೇ ಸಾಲಿಗೆ ಸೇರುತ್ತವೆ. ಅಂಗಡಿಯ ಕರಿದ ತಿಂಡಿಗೆ ಇನ್ನೊಂದು ಅಪಾಯವಿದೆ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಹಾನಿಕಾರಕ ಸಂಯುಕ್ತಗಳು ಸೇರುತ್ತಾ ಹೋಗುತ್ತವೆ.

ಸಿಹಿಗೆ ಹಣ್ಣು ಮೊದಲ ಆಯ್ಕೆ. ಬಾಳೆಹಣ್ಣು, ಸೀಬೆ, ಪಪ್ಪಾಯಿ ಸಿಹಿಯ ಜೊತೆಗೆ ನಾರನ್ನೂ ಕೊಡುತ್ತವೆ. ರಸ ಹಿಂಡಿ ಸೋಸಿದರೆ ಆ ನಾರು ಬಹುಪಾಲು ಹೋಗಿ ಸಕ್ಕರೆ ಹಾಗೆಯೇ ಉಳಿಯುತ್ತದೆ. ಅರಳಿಸಿ ಬೀಸಿದ ರಾಗಿಯ ಹುರಿಹಿಟ್ಟನ್ನು ಹಾಲು, ಕಾಯಿತುರಿ, ಚೂರು ಬೆಲ್ಲದೊಂದಿಗೆ ಕಲಸಿದರೆ ಮಕ್ಕಳಿಗೂ ಹಿಡಿಸುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದ್ದು, ಧಾನ್ಯಗಳಲ್ಲಿ ಇಷ್ಟಿರುವುದು ಅಪರೂಪ. ಎಳ್ಳುಂಡೆ, ಶೇಂಗಾ ಚಿಕ್ಕಿ ಚಾಕೊಲೇಟಿಗಿಂತ ಮೇಲು, ಆದರೆ ಬೆಲ್ಲವೂ ಸಕ್ಕರೆಯ ಬಗೆಯೇ ಆದ್ದರಿಂದ ಮಧುಮೇಹಿಗಳಿಗೆ ರಿಯಾಯಿತಿ ಇಲ್ಲ. ಕುಡಿಯಲು ನೀರು ಮಜ್ಜಿಗೆ, ಎಳನೀರು, ಸಕ್ಕರೆ ಹಾಕದ ನಿಂಬೆ ಪಾನಕ ಇವೆ.

‘ಮಲ್ಟಿಗ್ರೇನ್’, ‘ಬೇಕ್ಡ್’, ‘ಸಿರಿಧಾನ್ಯ’ ಎಂದು ದೊಡ್ಡದಾಗಿ ಅಚ್ಚಾದ ಪೊಟ್ಟಣಗಳನ್ನು ತಿರುಗಿಸಿ ನೋಡಿಯೇ ಕೊಳ್ಳಬೇಕು. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಮೈದಾ, ಸಕ್ಕರೆ, ತಾಳೆ ಎಣ್ಣೆ ಆರಂಭದಲ್ಲೇ ಇದ್ದು ರಾಗಿ ಕೊನೆಯಲ್ಲಿದ್ದರೆ ಅದು ಹೆಸರಿಗಷ್ಟೇ ರಾಗಿ ಬಿಸ್ಕತ್ತು.

ಮಕ್ಕಳ ವಿಷಯದಲ್ಲಿ ಕಾನೂನೂ ಇದೆ. ಉಪ್ಪು, ಸಕ್ಕರೆ, ಕೊಬ್ಬು ಅತಿಯಾಗಿರುವ ತಿಂಡಿಗಳನ್ನು ಶಾಲೆಯ ಕ್ಯಾಂಟೀನಿನಲ್ಲಿ ಮತ್ತು ಶಾಲಾ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಮನೆಯಲ್ಲಿ ಮಾತ್ರ ಈ ಕೆಲಸವನ್ನು ದೊಡ್ಡವರೇ ಮಾಡಬೇಕು. ಶಾಲೆಯಿಂದ ಬಂದ ಮಗು ಕೈಗೆ ಮೊದಲು ಸಿಕ್ಕಿದ್ದನ್ನು ತಿನ್ನುತ್ತದೆ; ಕಾಳು ನೆನೆಸಿಟ್ಟಿದ್ದರೆ, ಹಣ್ಣು ತೊಳೆದಿಟ್ಟಿದ್ದರೆ ಅರ್ಧ ಕೆಲಸ ಮುಗಿದಂತೆ. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಕಡಲೆಕಾಯಿ ಬೀಜ, ಗಟ್ಟಿ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅವರಿಗೆ ಪುಡಿ ಮಾಡಿ ಅಥವಾ ಮೆತ್ತಗೆ ಬೇಯಿಸಿ ಕೊಡಬೇಕು. ಶೇಂಗಾ ಅಲರ್ಜಿ ಇರುವವರಿಗೆ ಅದನ್ನು ಯಾವ ರೂಪದಲ್ಲೂ ಕೊಡಬಾರದು.