ಸಿದ್ಧ ಉಡುಪಿನ ಅಳತೆ

ಸಿದ್ಧ ಉಡುಪಿನ ಅಳತೆ ಎಂದರೆ ಕಾರ್ಖಾನೆಯಲ್ಲಿ ಮುಂಚಿತವಾಗಿ ಹೊಲಿದ ಬಟ್ಟೆಯು ಎಷ್ಟು ಗಾತ್ರದ ಮೈಗೆ ಒಪ್ಪುತ್ತದೆ ಎಂಬುದನ್ನು ತಿಳಿಸಲು ಅದರ ಲೇಬಲ್ ಮೇಲೆ ಹಾಕುವ ಅಂಕಿ ಅಥವಾ ಅಕ್ಷರ. ಆಡುಮಾತಿನಲ್ಲಿ ಇದನ್ನು ‘ಸೈಜು’ ಎನ್ನುತ್ತಾರೆ. ಅಂಗಡಿಯಲ್ಲಿ ತೊಟ್ಟು ನೋಡಿ ಕೊಳ್ಳುವವರಿಗೆ ಈ ಗುರುತು ಒಂದು ಸೂಚನೆ ಮಾತ್ರ. ಮನೆಯಲ್ಲೇ ಕುಳಿತು ಅಂತರಜಾಲದ ಮೂಲಕ ಕೊಳ್ಳುವವರ ಆಯ್ಕೆಯಾದರೋ ಬಹುಮಟ್ಟಿಗೆ ಅದನ್ನೇ ಅವಲಂಬಿಸಿರುತ್ತದೆ. ಆದರೆ ಈ ಅಂಕಿಗಳಿಗೆ ಎಲ್ಲೆಡೆ ಒಪ್ಪಿತವಾದ ಒಂದೇ ಅರ್ಥವಿಲ್ಲ. ‘40’ ಎಂಬ ಅಂಕಿ ಪುರುಷರ ಅಂಗಿಯಲ್ಲಿ ಕಾಲರ್‌ನ ಸೆಂಟಿಮೀಟರ್ ಆಗಿರಬಹುದು, ಮಹಿಳೆಯರ ಕುರ್ತಿಯಲ್ಲಿ ಎದೆಯ ಸುತ್ತಳತೆಯ ಇಂಚು ಆಗಿರಬಹುದು, ಫ್ರಾನ್ಸಿನ ಉಡುಪಿನಲ್ಲಿ ನೇರ ಅಳತೆಯೇ ಅಲ್ಲದ ಬರಿಯ ಸಂಕೇತವಾಗಿರಬಹುದು. ಹೀಗಾಗಿ ಸರಿಯಾದ ಉಡುಪನ್ನು ಆರಿಸಲು ಲೇಬಲ್‌ನ ಅಂಕಿಗಿಂತ, ಅದರ ಹಿಂದಿರುವ ಅಳತೆ ಯಾವುದು, ಅದು ಮೈಯದೋ ಬಟ್ಟೆಯದೋ ಎಂಬುದನ್ನು ತಿಳಿಯುವುದು ಮುಖ್ಯವಾಗುತ್ತದೆ.

ಹಿನ್ನೆಲೆ

ಸೀರೆ, ಪಂಚೆ, ಲುಂಗಿ, ಶಲ್ಯ ಮುಂತಾದ ಹೊಲಿಯದ ಉಡುಪುಗಳಿಗೆ ಸೈಜಿನ ಪ್ರಶ್ನೆ ಬರುವುದಿಲ್ಲ. ಉಟ್ಟವರ ಮೈಗೆ ತಕ್ಕಂತೆ ನೆರಿಗೆಗಳು ಹೆಚ್ಚುಕಡಿಮೆಯಾಗುತ್ತವೆ, ಅಷ್ಟೆ. ಕರ್ನಾಟಕದಲ್ಲಿ ಪಂಚೆ, ಧೋತರಗಳ ಉದ್ದವನ್ನು ಮೊಳದ ಲೆಕ್ಕದಲ್ಲಿ ಹೇಳುವ ರೂಢಿಯಿತ್ತು. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ಹೊಲಿದ ಬಟ್ಟೆಯನ್ನು ಅಳತೆ ಕೊಟ್ಟು ದರ್ಜಿಯಿಂದ ಮಾಡಿಸಿಕೊಳ್ಳುತ್ತಿದ್ದರು. ಯಾರ ಮೈಗೆಂದು ತಿಳಿಯದೆಯೇ ಸಾವಿರಾರು ಉಡುಪುಗಳನ್ನು ಹೊಲಿಯಬೇಕಾದಾಗ ಸೈಜು ಹುಟ್ಟಿತು.

ಇಂತಹ ಅಗತ್ಯ ಮೊದಲು ಕಂಡದ್ದು ಸೈನ್ಯದ ಸಮವಸ್ತ್ರದಲ್ಲಿ. ಅಮೆರಿಕದ ಅಂತರ್ಯುದ್ಧದ (1861–65) ಕಾಲದಲ್ಲಿ ಸೈನಿಕರಿಂದ ತೆಗೆದುಕೊಂಡ ಅಳತೆಗಳು ಮುಂದೆ ಅಲ್ಲಿನ ಪುರುಷರ ಸಿದ್ಧ ಉಡುಪುಗಳಿಗೆ ಆಧಾರವಾದವು. ಮಹಿಳೆಯರ ಉಡುಪಿಗೆ ಅಂತಹ ಆಧಾರ ಬಹುಕಾಲ ಇರಲಿಲ್ಲ. 1939–40ರಲ್ಲಿ ಅಮೆರಿಕದ ಕೃಷಿ ಇಲಾಖೆಗಾಗಿ ರುತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ ಸುಮಾರು 15,000 ಮಹಿಳೆಯರ ಮೈಯಳತೆಯನ್ನು ಸಂಗ್ರಹಿಸಿದರು. ಒಬ್ಬೊಬ್ಬರಿಂದಲೂ 59 ಅಳತೆಗಳನ್ನು ತೆಗೆದುಕೊಳ್ಳಲಾಯಿತು. ಬಿಳಿಯರಲ್ಲದ ಮಹಿಳೆಯರ ಅಳತೆಗಳನ್ನು ಅಂತಿಮ ಲೆಕ್ಕದಲ್ಲಿ ಸೇರಿಸಲಿಲ್ಲ ಎಂಬುದು ಈ ಸಮೀಕ್ಷೆಯ ದೊಡ್ಡ ಕೊರತೆ.

ಈ ಅಂಕಿಅಂಶಗಳನ್ನು ಮಾನಕವಾಗಿ ರೂಪಿಸಲು ಒತ್ತಾಯಿಸಿದವರು ಅಂಚೆಯ ಮೂಲಕ ಬಟ್ಟೆ ಮಾರುತ್ತಿದ್ದ ವ್ಯಾಪಾರಿಗಳು ಎಂಬುದು ಗಮನಾರ್ಹ. ಕ್ಯಾಟಲಾಗ್ ನೋಡಿ ತರಿಸಿಕೊಂಡ ಉಡುಪು ಮೈಗೆ ಹೊಂದದೆ ಗ್ರಾಹಕರು ಹಿಂದಿರುಗಿಸುತ್ತಿದ್ದುದರಿಂದ ಅವರಿಗೆ ನಷ್ಟವಾಗುತ್ತಿತ್ತು. ಇಂದಿನ ಅಂತರಜಾಲ ಮಾರಾಟಗಾರರ ಸಮಸ್ಯೆಯೂ ಇದೇ. ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯ ಕೆಲಸದ ಫಲವಾಗಿ 1958ರಲ್ಲಿ ಮಹಿಳೆಯರ ಉಡುಪಿನ ಮಾನಕ ಪ್ರಕಟವಾಯಿತು. 1970ರಲ್ಲಿ ಪರಿಷ್ಕೃತಗೊಂಡ ಅದನ್ನು 1983ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಆಮೇಲೆ ತಯಾರಕರು ತಮ್ಮತಮ್ಮ ಪಟ್ಟಿಗಳನ್ನೇ ಅನುಸರಿಸುತ್ತ ಬಂದರು.

ಗ್ರಾಹಕರನ್ನು ಮೆಚ್ಚಿಸಲು ದೊಡ್ಡ ಉಡುಪಿಗೆ ಚಿಕ್ಕ ಅಂಕಿ ಹಾಕುವ ಪರಿಪಾಠವೂ ಬೆಳೆಯಿತು. 1958ರ ಮಾನಕದಲ್ಲಿ 8ನೆಯ ಸೈಜು 31 ಇಂಚಿನ ಎದೆಗೆ ಹೊಂದುವಂಥದ್ದು. ಇಂದು ಅದೇ ಅಂಕಿಯ ಅಮೆರಿಕನ್ ಉಡುಪು ಅದಕ್ಕಿಂತ ಹಲವು ಇಂಚು ದೊಡ್ಡದಾಗಿರುತ್ತದೆ. ‘ಒಲವಿನ ಅಳತೆ’ ಎನ್ನಬಹುದಾದ ಈ ರೂಢಿಯಿಂದಾಗಿ ಹಳೆಯ ಬಟ್ಟೆಯ ಲೇಬಲ್ ನೋಡಿ ಹೊಸದನ್ನು ತರಿಸಿಕೊಳ್ಳುವುದು ನಂಬಲರ್ಹವಾದ ಮಾರ್ಗವಲ್ಲ.

ಭಾರತೀಯರ ಮೈಕಟ್ಟಿಗೆ ಹೊಂದುವ ಪ್ರತ್ಯೇಕ ಮಾನಕವನ್ನು ರೂಪಿಸಲು ಕೇಂದ್ರ ಜವಳಿ ಸಚಿವಾಲಯದ ನೆರವಿನಿಂದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು (ನಿಫ್ಟ್) ‘ಇಂಡಿಯಾಸೈಜ್’ ಎಂಬ ಸಮೀಕ್ಷೆಯನ್ನು ಕೈಗೊಂಡಿತು. ಆರು ನಗರಗಳಲ್ಲಿ 15ರಿಂದ 65 ವರ್ಷದ 25,000 ಸ್ತ್ರೀಪುರುಷರನ್ನು ಮೂರು ಆಯಾಮದ ಸ್ಕ್ಯಾನರ್‌ಗಳಿಂದ ಅಳೆಯುವುದು ಅದರ ಯೋಜನೆ. ಅದುವರೆಗೆ ಭಾರತದ ತಯಾರಕರು ಬಹುಮಟ್ಟಿಗೆ ಬ್ರಿಟನ್, ಅಮೆರಿಕ, ಯುರೋಪುಗಳ ಪಟ್ಟಿಗಳನ್ನೇ ತಿದ್ದಿ ಬಳಸುತ್ತಿದ್ದರು.

ಅಂಕಿಗಳ ಅರ್ಥ

ಎಸ್, ಎಂ, ಎಲ್, ಎಕ್ಸ್‌ಎಲ್ ಎಂಬ ಅಕ್ಷರಗಳು ಚಿಕ್ಕ, ಮಧ್ಯಮ, ದೊಡ್ಡ, ಇನ್ನೂ ದೊಡ್ಡ ಎಂಬ ಕ್ರಮವನ್ನು ಮಾತ್ರ ಸೂಚಿಸುತ್ತವೆ. ಎಷ್ಟು ದೊಡ್ಡ ಎಂಬುದನ್ನಲ್ಲ. ಅಮೆರಿಕದ ಮಾರುಕಟ್ಟೆಗೆಂದು ಹೊಲಿದ ಎಂ ಸಾಮಾನ್ಯವಾಗಿ ಭಾರತದ ಎಂಗಿಂತ ದೊಡ್ಡದು. ಬೆಂಗಳೂರು ಸಿದ್ಧ ಉಡುಪು ರಫ್ತಿನ ಪ್ರಮುಖ ಕೇಂದ್ರವಾಗಿದ್ದು, ರಫ್ತಿನಲ್ಲಿ ಉಳಿದ ಬಟ್ಟೆಗಳು ಅಲ್ಲಿನ ಅಂಗಡಿಗಳಲ್ಲಿ ವಿದೇಶಿ ಸೈಜಿನ ಲೇಬಲ್‌ನೊಂದಿಗೇ ಮಾರಾಟವಾಗುತ್ತವೆ. ಅಂತಹ ಅಂಗಿಯೊಂದು ಎಂ ಸೈಜಿನಲ್ಲಿ ಸರಿಯಾಯಿತೆಂದು ಸ್ವದೇಶಿ ತಯಾರಿಕೆಯ ಎಂ ಅನ್ನು ತರಿಸಿದರೆ ಅದು ಬಿಗಿಯಾಗುವ ಸಂಭವವಿದೆ.

ಭಾರತದಲ್ಲಿ ಪುರುಷರ ಅಂಗಿಗಳ ಮೇಲೆ ಕಾಣುವ 38, 39, 40, 42, 44 ಎಂಬ ಅಂಕಿಗಳು ಹೆಚ್ಚಿನ ಗೊಂದಲಕ್ಕೆ ಕಾರಣವಾಗಿವೆ. ಕಚೇರಿಗೆ ತೊಡುವ ಅಂಗಿಗಳಲ್ಲಿ ಇವು ಸಾಮಾನ್ಯವಾಗಿ ಕಾಲರ್‌ನ ಸುತ್ತಳತೆಯನ್ನು ಸೆಂಟಿಮೀಟರ್‌ನಲ್ಲಿ ಹೇಳುತ್ತವೆ: 39 ಎಂದರೆ ಸುಮಾರು ಹದಿನೈದೂವರೆ ಇಂಚಿನ ಕೊರಳು. ಕೋಟು ಮೊದಲಾದ ಉಡುಪುಗಳಲ್ಲಿ ಇದೇ ಸಾಲಿನ ಅಂಕಿಗಳು ಎದೆಯ ಇಂಚುಗಳಾಗಿರುತ್ತವೆ. ಜೀನ್ಸ್‌ನಲ್ಲಿ 32/34 ಎಂದಿದ್ದರೆ ಮೊದಲನೆಯದು ಸೊಂಟ, ಎರಡನೆಯದು ಒಳಗಾಲಿನ ಉದ್ದ, ಎರಡೂ ಇಂಚಿನಲ್ಲಿ. ಕುರ್ತಿಗಳಲ್ಲಿ ಎಸ್ 36, ಎಂ 38, ಎಲ್ 40, ಎಕ್ಸ್‌ಎಲ್ 42 ಎಂಬ ಸರಣಿ ಬಳಕೆಯಲ್ಲಿದೆ. ಇವು ಹೆಚ್ಚಾಗಿ ಹೊಲಿದ ಬಟ್ಟೆಯ ಎದೆ ಸುತ್ತಳತೆಯ ಇಂಚುಗಳು.

ಮಹಿಳೆಯರ ವಿದೇಶಿ ಉಡುಪುಗಳಲ್ಲಿ ಅಮೆರಿಕದ 8 ಸುಮಾರಾಗಿ ಬ್ರಿಟನ್ನಿನ 12ಕ್ಕೆ, ಜರ್ಮನಿಯ 38ಕ್ಕೆ, ಫ್ರಾನ್ಸಿನ 40ಕ್ಕೆ, ಇಟಲಿಯ 44ಕ್ಕೆ ಸಮ. ಚೀನಾದ ಲೇಬಲ್‌ಗಳ ಮೇಲೆ 165/88ಎ ಎಂಬಂತಹ ಬರಹವಿರುತ್ತದೆ. ಅಲ್ಲಿ 165 ಎತ್ತರ, 88 ಎದೆಯ ಸುತ್ತಳತೆ (ಎರಡೂ ಸೆಂಟಿಮೀಟರ್), ಕೊನೆಯ ಅಕ್ಷರ ಎದೆಗೂ ಸೊಂಟಕ್ಕೂ ಇರುವ ವ್ಯತ್ಯಾಸದ ವರ್ಗ. ಬಳಕೆಯಲ್ಲಿರುವ ಸಂಕೇತಗಳ ಪೈಕಿ ಕೊಳ್ಳುವವರಿಗೆ ಹೆಚ್ಚಿನ ಮಾಹಿತಿ ಕೊಡುವುದು ಈ ಬಗೆಯದೇ. ಯುರೋಪಿನ ಇಎನ್ 13402 ಮಾನಕವೂ ಮೈಯಳತೆಯನ್ನೇ ಸೆಂಟಿಮೀಟರ್‌ನಲ್ಲಿ ಚಿತ್ರದೊಡನೆ ತೋರಿಸಬೇಕೆನ್ನುತ್ತದೆ.

ಮೈಯಳತೆ ಮತ್ತು ಬಟ್ಟೆಯಳತೆ

ಅಂತರಜಾಲದ ಅಂಗಡಿಗಳಲ್ಲಿ ಉಡುಪಿನ ಜೊತೆಗೆ ಕೊಡುವ ಅಳತೆಪಟ್ಟಿಗಳು ಎರಡು ಬಗೆಯವು. ಒಂದು, ಈ ಉಡುಪು ಎಷ್ಟು ಅಳತೆಯ ಮೈಗೆ ಒಪ್ಪುತ್ತದೆ ಎಂದು ಹೇಳುವಂಥದ್ದು. ಇನ್ನೊಂದು, ಉಡುಪೇ ಎಷ್ಟು ಅಗಲವಿದೆ ಎಂದು ಹೇಳುವಂಥದ್ದು. ಇವೆರಡರ ನಡುವಿನ ಅಂತರವೇ ಸಡಿಲ. ದರ್ಜಿಗಳು ಇದನ್ನು ‘ಲೂಸ್’ ಎನ್ನುತ್ತಾರೆ. ಉಸಿರಾಡಲು, ಕೈ ಎತ್ತಲು, ಕೂರಲು ಈ ಸಡಿಲ ಬೇಕೇಬೇಕು. ನೇಯ್ದ ಬಟ್ಟೆಯ ಕುರ್ತಿಗೆ ಎದೆಯಲ್ಲಿ ಎರಡರಿಂದ ನಾಲ್ಕು ಇಂಚು, ಪುರುಷರ ಸಾಮಾನ್ಯ ಅಂಗಿಗೆ ನಾಲ್ಕು ಇಂಚು ಅಥವಾ ಇನ್ನೂ ಹೆಚ್ಚು ಸಡಿಲ ಬಿಡುತ್ತಾರೆ. ಹೆಣೆದ ಬಟ್ಟೆಯ ಟೀ-ಶರ್ಟು, ಲೆಗ್ಗಿಂಗ್ಸ್‌ಗಳು ಹಿಗ್ಗುವುದರಿಂದ ಅವುಗಳಲ್ಲಿ ಸಡಿಲವೇ ಇಲ್ಲದಿರಬಹುದು, ಬಟ್ಟೆ ಮೈಗಿಂತ ಚಿಕ್ಕದೂ ಇರಬಹುದು.

36 ಇಂಚು ಎದೆಯ ಮಹಿಳೆಯೊಬ್ಬರು ಕುರ್ತಿ ಕೊಳ್ಳುತ್ತಿದ್ದಾರೆಂದು ಭಾವಿಸಿದರೆ, ಒಂದು ಪಟ್ಟಿಯಲ್ಲಿ ‘ಎಂ – 36’ ಎಂದೂ ಮತ್ತೊಂದರಲ್ಲಿ ‘ಎಂ – 38’ ಎಂದೂ ಇರಬಹುದು. ಮೊದಲನೆಯದು ಮೈಯಳತೆ, ಎರಡನೆಯದು ಬಟ್ಟೆಯಳತೆ. ಕುರ್ತಿ ಎರಡೂ ಕಡೆ ಅಷ್ಟೇ ದೊಡ್ಡದು. ಎರಡನೆಯ ಪಟ್ಟಿಯನ್ನು ಮೈಯಳತೆಯೆಂದು ತಿಳಿದು 36ರ ಎದುರಿಗಿರುವ ಎಸ್ ಅನ್ನು ಆರಿಸಿದರೆ ಸಡಿಲ ಸೊನ್ನೆಯಾಗಿ ಕಂಕುಳಲ್ಲಿ ಹೊಲಿಗೆ ಬಿಡುತ್ತದೆ. ಮೊದಲನೆಯದಕ್ಕೆ ಸಡಿಲವನ್ನು ತಾವೇ ಕೂಡಿಸಿ ಎಲ್ ತರಿಸಿದರೆ ಭುಜ ಜಾರುತ್ತದೆ. ಪಟ್ಟಿಯಲ್ಲಿ ‘ಟು ಫಿಟ್’ ಅಥವಾ ‘ಬಾಡಿ’ ಎಂದಿದ್ದರೆ ಮೈಯಳತೆ, ‘ಗಾರ್ಮೆಂಟ್’ ಎಂದಿದ್ದರೆ ಬಟ್ಟೆಯಳತೆ. ಏನೂ ಬರೆದಿಲ್ಲದಿದ್ದರೆ ಉದ್ದವನ್ನೂ ಭುಜವನ್ನೂ ಕೊಟ್ಟಿದ್ದಾರೆಯೇ ಎಂದು ನೋಡಬಹುದು. ಉಡುಪಿನ ಉದ್ದವಿರುವ ಪಟ್ಟಿ ಸಾಮಾನ್ಯವಾಗಿ ಬಟ್ಟೆಯದು. ಎದೆಯ ಅಂಕಿ ನಂಬಲಾರದಷ್ಟು ಚಿಕ್ಕದಾಗಿ, 20 ಇಂಚು ಅಥವಾ 52 ಸೆಂಟಿಮೀಟರ್ ಎಂಬಂತೆ ಇದ್ದರೆ, ಅದು ಬಟ್ಟೆಯನ್ನು ಹಾಸಿ ಒಂದು ಕಂಕುಳಿನಿಂದ ಇನ್ನೊಂದಕ್ಕೆ ಅಳೆದ ಅಗಲ. ಸುತ್ತಳತೆಗೆ ಅದನ್ನು ಇಮ್ಮಡಿ ಮಾಡಬೇಕು.

ಅಳೆಯುವ ಕ್ರಮ

ಅಳತೆಗೆ ದರ್ಜಿಗಳು ಬಳಸುವ ಮೆತ್ತನೆಯ ಟೇಪು ಸಾಕು. ಬಹುಕಾಲ ಬಳಸಿದ ಬಟ್ಟೆಯ ಟೇಪು ಹಿಗ್ಗಿರುವ ಸಾಧ್ಯತೆ ಇರುವುದರಿಂದ ಅದನ್ನು ಒಮ್ಮೆ ಸ್ಕೇಲಿನೊಡನೆ ಹೋಲಿಸಿಕೊಳ್ಳಬೇಕು. ಟೇಪು ಇಲ್ಲದಿದ್ದಲ್ಲಿ ಹಿಗ್ಗದ ದಾರವನ್ನು ಸುತ್ತಿ ಗುರುತು ಮಾಡಿ, ಸ್ಕೇಲಿನಿಂದ ಅಳೆಯಬಹುದು. ಎದೆಯನ್ನು ಅತ್ಯಂತ ತುಂಬಿದ ಭಾಗದಲ್ಲಿ, ಸೊಂಟವನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಪೃಷ್ಠವನ್ನು ಅತಿ ಅಗಲವಾದ ಕಡೆ ಅಳೆಯುತ್ತಾರೆ. ಟೇಪು ನೆಲಕ್ಕೆ ಸಮಾಂತರವಾಗಿರಬೇಕು. ಬೆನ್ನ ಹಿಂದೆ ಅದು ಜಾರುವುದರಿಂದ ಇನ್ನೊಬ್ಬರ ನೆರವು ಪಡೆಯುವುದು ಉತ್ತಮ. ಹೊಟ್ಟೆಯನ್ನು ಒಳಗೆಳೆದುಕೊಂಡು ತೆಗೆದ ಅಳತೆಯಿಂದ ಪ್ರಯೋಜನವಿಲ್ಲ.

ಜೀನ್ಸ್ ಹಾಗೂ ಪ್ಯಾಂಟುಗಳು ಸಹಜ ಸೊಂಟಕ್ಕಿಂತ ಕೆಳಗೆ ನಿಲ್ಲುವುದರಿಂದ, ಪ್ಯಾಂಟು ನಿಲ್ಲುವ ಜಾಗದಲ್ಲಿಯೇ ಅಳೆಯಬೇಕು. ತೋಳಿನ ಉದ್ದವನ್ನು ಭಾರತದಲ್ಲಿ ಭುಜದ ತುದಿಯಿಂದ ಮಣಿಕಟ್ಟಿನವರೆಗೆ ಅಳೆಯುತ್ತಾರೆ. ಅಮೆರಿಕದ ಅಂಗಿಗಳಲ್ಲಿ ಕಾಣುವ 33, 34ರಂತಹ ಅಂಕಿಗಳು ಕೊರಳ ಹಿಂಭಾಗದ ನಡುವಿನಿಂದ ಎಣಿಸಿದವು.

ಅಳತೆ ಬ್ಲೌಸ್

ಕರ್ನಾಟಕದಲ್ಲಿ ರವಿಕೆ ಹೊಲಿಸಲು ಕೊಡುವವರು ಮೈಗೆ ಚೆನ್ನಾಗಿ ಒಪ್ಪುವ ಹಳೆಯ ರವಿಕೆಯೊಂದನ್ನು ಮಾದರಿಯಾಗಿ ಕೊಡುವ ಪದ್ಧತಿ ವ್ಯಾಪಕವಾಗಿದೆ. ಇದಕ್ಕೆ ‘ಅಳತೆ ಬ್ಲೌಸ್’ ಎಂದು ಹೆಸರು. ಮನೆಯಿಂದಲೇ ಕೊಳ್ಳುವಾಗಲೂ ಬಹುಶಃ ಎಲ್ಲಕ್ಕಿಂತ ಭರವಸೆಯ ವಿಧಾನ ಇದೇ. ಏಕೆಂದರೆ ಸಡಿಲ ಎಷ್ಟಿರಬೇಕೆಂಬ ಲೆಕ್ಕ ಆ ಬಟ್ಟೆಯಲ್ಲಿಯೇ ಅಡಗಿರುತ್ತದೆ. ಒಪ್ಪುವ ಉಡುಪನ್ನು ಗುಂಡಿ ಹಾಕಿ, ಸುಕ್ಕಿಲ್ಲದಂತೆ ಮೇಜಿನ ಮೇಲೆ ಹಾಸಿ, ಕಂಕುಳಿನ ಹೊಲಿಗೆಯಿಂದ ಕಂಕುಳಿನ ಹೊಲಿಗೆಗೆ, ಭುಜದಿಂದ ಭುಜಕ್ಕೆ, ಭುಜದ ಮೇಲ್ತುದಿಯಿಂದ ಕೆಳಅಂಚಿಗೆ ಅಳೆದು ಬಟ್ಟೆಯಳತೆಯ ಪಟ್ಟಿಯೊಡನೆ ಹೋಲಿಸಬೇಕು. ಹೋಲಿಕೆ ಒಂದೇ ಜಾತಿಯ ಬಟ್ಟೆಗಳ ನಡುವೆ ಮಾತ್ರ ಸಲ್ಲುತ್ತದೆ: ಟೀ-ಶರ್ಟಿನ ಅಳತೆಯಿಂದ ಹತ್ತಿಯ ಕುರ್ತಾ ಆರಿಸಲಾಗದು. ಕಾರ್ಖಾನೆಯಲ್ಲಿ ಬಟ್ಟೆಯನ್ನು ಹಲವು ಪದರಗಳಾಗಿ ಒಟ್ಟಿ ಕತ್ತರಿಸುವುದರಿಂದ ಒಂದೇ ಸೈಜಿನ ಎರಡು ಉಡುಪುಗಳಲ್ಲಿ ಅರ್ಧ ಇಂಚಿನ ವ್ಯತ್ಯಾಸ ಅಸಹಜವಲ್ಲ.

ಅಳತೆ ಎರಡು ಸೈಜುಗಳ ನಡುವೆ ಬಿದ್ದಾಗ, ತಿದ್ದಲು ಕಷ್ಟವಾದ ಭಾಗವನ್ನು ನೋಡಿ ತೀರ್ಮಾನಿಸುವುದು ದರ್ಜಿಗಳ ರೂಢಿ. ಪ್ಯಾಂಟಿನ ಉದ್ದವನ್ನು ಮಡಿಸಿ ಹೊಲಿಯುವುದು, ಪಕ್ಕದ ಹೊಲಿಗೆ ಹಿಡಿಯುವುದು ಸುಲಭ. ಭುಜವನ್ನು ಕಿರಿದಾಗಿಸಲು ತೋಳನ್ನೇ ಬಿಚ್ಚಬೇಕಾಗುತ್ತದೆ. ಆದ್ದರಿಂದ ಭುಜ ಸರಿಹೊಂದುವ ಸೈಜು ಮೊದಲ ಆಯ್ಕೆ. ಆದರೆ ಅದರಲ್ಲಿ ಎದೆ ಬಿಗಿಯಾಗುವಂತಿದ್ದರೆ ದೊಡ್ಡದೇ ಲೇಸು, ಏಕೆಂದರೆ ಬಟ್ಟೆ ಒಳಗೆ ಉಳಿದಿಲ್ಲದಿದ್ದರೆ ಬಿಗಿಯಾದುದನ್ನು ಬಿಡಿಸಲು ಬರುವುದಿಲ್ಲ. ಸಿದ್ಧ ರವಿಕೆಗಳಲ್ಲಿ ಹೊಲಿಗೆಯ ಒಳಗೆ ಹೆಚ್ಚುವರಿ ಬಟ್ಟೆ ಬಿಟ್ಟಿರುವುದುಂಟು. ಅಂತಹವುಗಳ ವಿವರಣೆಯಲ್ಲಿ 38ರಿಂದ 42ರವರೆಗೆ ಬಿಡಿಸಬಹುದು ಎಂಬಂತೆ ಸೂಚಿಸಿರುತ್ತಾರೆ.

ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಸ್ಯಾನ್‌ಫರ್ಡ್ ಕ್ಲೂಎಟ್‌ರ ಹೆಸರಿನ ಸ್ಯಾನ್‌ಫರೈಸಿಂಗ್ ಮೊದಲಾದ ವಿಧಾನಗಳಿಂದ ಮುಂಚೆಯೇ ಕುಗ್ಗಿಸಿದ ಬಟ್ಟೆಯಲ್ಲಿ ಈ ತೊಂದರೆ ಕಡಿಮೆ. ಕೈಮಗ್ಗದ ಬಟ್ಟೆಯಲ್ಲಿ ಹೆಚ್ಚು.

ಮಕ್ಕಳ ಉಡುಪು

ಮಕ್ಕಳ ಬಟ್ಟೆಗಳ ಮೇಲೆ ಭಾರತದಲ್ಲಿ ವಯಸ್ಸನ್ನು ಬರೆಯುತ್ತಾರೆ. ಒಂದೇ ವಯಸ್ಸಿನ ಮಕ್ಕಳ ಎತ್ತರದಲ್ಲಿ ಬಹಳ ಅಂತರವಿರುವುದರಿಂದ ಇದು ದುರ್ಬಲ ಸೂಚನೆ. ಯುರೋಪಿನಲ್ಲಿ 92, 98, 104, 110, 116 ಎಂದು ಆರಾರು ಸೆಂಟಿಮೀಟರ್‌ಗಳ ಅಂತರದಲ್ಲಿ ಮಗುವಿನ ಎತ್ತರವನ್ನೇ ಸೈಜಾಗಿ ಬಳಸುತ್ತಾರೆ. ಪಟ್ಟಿಯಲ್ಲಿ ಎತ್ತರ ಕೊಟ್ಟಿದ್ದರೆ ವಯಸ್ಸಿನ ಬದಲು ಅದನ್ನೇ ಅನುಸರಿಸುವುದು ಸೂಕ್ತ.

ನಿಯಮಗಳು ಮತ್ತು ಹಿಂದಿರುಗಿಸುವಿಕೆ

ಬಿಡಿಯಾಗಿ ಮಾರುವ ಸಿದ್ಧ ಉಡುಪುಗಳ ಮೇಲೆ ಎಸ್, ಎಂ, ಎಲ್ ಮುಂತಾದ ಗುರುತಿನ ಜೊತೆಗೆ ಅಳತೆಯನ್ನು ಸೆಂಟಿಮೀಟರ್ ಅಥವಾ ಮೀಟರ್‌ನಲ್ಲಿಯೂ ನಮೂದಿಸಬೇಕೆಂದು ಭಾರತದ ಕಾನೂನುಬದ್ಧ ಮಾಪನ ನಿಯಮಗಳಿಗೆ 2022ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ಹಿಂದಿರುಗಿಸುವಿಕೆ, ಬದಲಾವಣೆ ಹಾಗೂ ಹಣ ಮರುಪಾವತಿಯ ಷರತ್ತುಗಳನ್ನು ಗ್ರಾಹಕರಿಗೆ ಮೊದಲೇ ತಿಳಿಸಬೇಕು. ಸರಕು ದೋಷಯುಕ್ತವಾಗಿದ್ದರೆ ಅಥವಾ ಕೊಟ್ಟ ವಿವರಣೆಗೆ ಹೊಂದದಿದ್ದರೆ ಅದನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ತೊಟ್ಟವರ ಮೈಗೆ ಹೊಂದಲಿಲ್ಲ ಎಂಬುದೂ, ಪಟ್ಟಿಯಲ್ಲಿ ಹೇಳಿದ ಅಳತೆಗೆ ಉಡುಪು ಹೊಂದಲಿಲ್ಲ ಎಂಬುದೂ ಬೇರೆಬೇರೆ. ಮೊದಲನೆಯದರಲ್ಲಿ ಮಾರಾಟಗಾರರ ಷರತ್ತೇ ಆಧಾರ. ಎರಡನೆಯದರಲ್ಲಿ ನಿಯಮದ ಬಲವಿದೆ. ಹೀಗಾಗಿ ಉಡುಪು ಬಂದೊಡನೆ ಲೇಬಲ್ ಕತ್ತರಿಸದೆ, ಒಗೆಯದೆ ಟೇಪಿನಿಂದ ಅಳೆದು, ಕೊಂಡಾಗಿನ ಅಳತೆಪಟ್ಟಿಯ ಚಿತ್ರದೊಡನೆ ಹೋಲಿಸಿ ನೋಡುವುದು ಉಪಯುಕ್ತ. ಒಳಉಡುಪುಗಳನ್ನು ಸ್ವಚ್ಛತೆಯ ಕಾರಣದಿಂದ ಅನೇಕ ಮಾರಾಟಗಾರರು ಹಿಂಪಡೆಯುವುದಿಲ್ಲ. ಅಂತಹವನ್ನು ಮೊದಲ ಬಾರಿ ತರಿಸುವಾಗ ಒಂದನ್ನೇ ತರಿಸಿ ನೋಡುವವರಿದ್ದಾರೆ.