ಹೆಬ್ಬೆರಳಗಲದ ವಿಂಡ್‌ಸ್ಕ್ರೀನಿಗೆ ಹೊಳಪು

ಒಂದು ಕಾಲಕ್ಕೆ ಎರಕದ ಆಟಿಕೆ ಕಾರುಗಳಲ್ಲಿ ಕಿಟಕಿ ಎಂದರೆ ಸಾಮಾನ್ಯವಾಗಿ ಬರೀ ತೂತು. 1930ರ ದಶಕದಿಂದ ಬ್ರಿಟನ್ನಿನ ಮಕ್ಕಳ ಮನಸ್ಸು ಗೆದ್ದಿದ್ದ ಲಿವರ್‌ಪೂಲಿನ ಡಿಂಕಿ ಕಾರುಗಳೂ ಹಾಗೆಯೇ ಇದ್ದವು: ಸತುವಿನ ಮಿಶ್ರಲೋಹದ ಮೈ, ಮೇಲೆ ದಪ್ಪ ಬಣ್ಣ, ಕಿಟಕಿಯ ಜಾಗದಲ್ಲಿ ಗಾಳಿ. 1956ರಲ್ಲಿ ಮೆಟ್ಟಾಯ್ ಕಂಪನಿ ವೇಲ್ಸ್‌ನ ಸ್ವಾನ್ಸಿಯಿಂದ ಕೋರ್ಗಿ ಕಾರುಗಳನ್ನು ಹೊರತಂದಿತು. ನಾಜಿ ಜರ್ಮನಿಯಿಂದ ಬಂದ ಫಿಲಿಪ್ ಉಲ್‌ಮನ್ ಕಟ್ಟಿದ ಕಂಪನಿ ಅದು. ಕೋರ್ಗಿ ಕಾರಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ ಇತ್ತು, ಜಾಹೀರಾತಿನ ತುಂಬ ಅದರದೇ ಮಾತು. ಡಿಂಕಿ, ಇನ್ನೊಂದು ಆಟಿಕೆ ಕಾರು ಬ್ರಾಂಡಾದ ಮ್ಯಾಚ್‌ಬಾಕ್ಸ್‌ ಕೂಡ ಅದೇ ದಾರಿ ಹಿಡಿಯದೆ ವಿಧಿಯಿರಲಿಲ್ಲ.

ಮಾರಾಟಕ್ಕೆ ನೆರವಾದ ಆ ಕಿಟಕಿಯೇ ಕಾರಿನ ಅತಿ ನಾಜೂಕಿನ ಭಾಗವೂ ಆಯಿತು. ಕಾರು ಪಲ್ಟಿ ಹೊಡೆಸದ ಮಗು ಎಲ್ಲಿದೆ? ಲೋಹ ತಡೆದುಕೊಂಡಿತು, ಪ್ಲಾಸ್ಟಿಕ್ ತಡೆಯಲಿಲ್ಲ. ಆ ಮಕ್ಕಳು ಬೆಳೆದು, ತಮ್ಮ ಹಳೆಯ ಆಟಿಕೆಗಳನ್ನು ದುಡ್ಡು ಕೊಟ್ಟು ಮರಳಿ ಕೊಳ್ಳತೊಡಗಿದಾಗ ಕಣ್ಣಿಗೆ ಬಿದ್ದದ್ದು ಮಬ್ಬು ಹಿಡಿದ ವಿಂಡ್‌ಸ್ಕ್ರೀನು.

ಇದಕ್ಕೆ ಮದ್ದು ಸಿಕ್ಕಿದ್ದು ವಿಮಾನದ ಕಡೆಯಿಂದ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನಗಳ ಮೇಲ್ಗವಸು ಪರ್ಸ್‌ಪೆಕ್ಸ್ ಎಂಬ ಅಕ್ರಿಲಿಕ್ಕಿನದು. ಅದರ ಮೇಲಿನ ಒಂದು ಚುಕ್ಕೆ ಬಿಸಿಲಿನಲ್ಲಿ ದೂರದ ಶತ್ರುವಿಮಾನದಂತೆ ಕಾಣಬಹುದು. ಹಾಗಾಗಿ ಅದನ್ನು ಉಜ್ಜಿ ಹೊಳಪಿಸುವುದು ಸಿಂಗಾರದ ಕೆಲಸವಾಗಿರಲಿಲ್ಲ, ಪೈಲಟ್‌ನ ಪ್ರಾಣದ ಪ್ರಶ್ನೆಯಾಗಿತ್ತು. ಮುಂದೆ ವಿಮಾನದ ಕಿಟಕಿ ಹೊಳಪಿಸಲು ಮೈಕ್ರೋ-ಮೆಶ್‌ನಂಥ ಮೆತ್ತನೆಯ ಉಜ್ಜುಬಟ್ಟೆಗಳು ಬಂದವು. ಅವು ಪ್ಲಾಸ್ಟಿಕ್ ಮಾದರಿ ವಿಮಾನ ಜೋಡಿಸುವ ಹವ್ಯಾಸಿಗಳ ಕೈಸೇರಿದವು, ಅಲ್ಲಿಂದ ಕಾರು ಸಂಗ್ರಾಹಕರ ಮೇಜಿಗೂ ಬಂದವು.

ಗೀರು ಬೆಳ್ಳಗೆ ಕಾಣುವುದು ಅದರ ಅಂಚುಗಳಲ್ಲಿ ಬೆಳಕು ಚದುರುವುದರಿಂದ. ಅದು ಹೋಗಬೇಕಾದರೆ ಸುತ್ತಲ ಮೈಯನ್ನು ಗೀರಿನ ತಳದವರೆಗೆ ಸವೆಸಬೇಕು, ಇಲ್ಲವೇ ಗೀರನ್ನೇ ತುಂಬಬೇಕು. ಸವೆಸುವುದಕ್ಕೆ ತಾಳ್ಮೆ ಬೇಕು. ಸಾಬೂನು ನೀರಿನಲ್ಲಿ ತೊಳೆದ ಕಿಟಕಿಯನ್ನು ಒದ್ದೆ ವಾಟರ್ ಪೇಪರಿನಿಂದ ಉದ್ದಕ್ಕೆ ಉಜ್ಜಬೇಕು. ಆಮೇಲೆ ಇನ್ನೂ ನಯವಾದದ್ದನ್ನು ತೆಗೆದುಕೊಂಡು ಅಡ್ಡಕ್ಕೆ. ಹಿಂದಿನ ಪೇಪರಿನ ಗೆರೆಗಳೆಲ್ಲ ಮಾಯವಾದ ಮೇಲಷ್ಟೇ ಮುಂದಿನದು. ಈ ಹಂತದಲ್ಲಿ ಕಿಟಕಿ ಮೊದಲಿಗಿಂತ ಕುರುಡಾಗಿ, ಹಾಲಿನ ಕೆನೆ ಕಟ್ಟಿದಂತೆ ಕಾಣುತ್ತದೆ. ಹೊಸಬರು ಎದೆ ಒಡೆದುಕೊಳ್ಳುವುದು ಇಲ್ಲೇ. ಕೊನೆಗೆ ಪ್ಲಾಸ್ಟಿಕ್ ಪಾಲಿಶ್ ಹಚ್ಚಿ ಹತ್ತಿಬಟ್ಟೆಯಲ್ಲಿ ತಿಕ್ಕಿದರೆ ಬೆಳಕು ಮರಳುತ್ತದೆ. ನಮ್ಮ ಮನೆಗಳಲ್ಲಿ ಹಿತ್ತಾಳೆ ದೀಪಕ್ಕೆ ಹಚ್ಚುವ ಬ್ರಾಸೋ ಬಳಸುವವರೂ ಬೇಕಾದಷ್ಟಿದ್ದಾರೆ. ಮೋಟಾರು ಹಾಕಿ ತಿಕ್ಕುವ ಆಸೆ ಮಾತ್ರ ಬೇಡ. ಇಂಥ ಕಿಟಕಿಗಳಲ್ಲಿ ಪಾಲಿಸ್ಟೈರೀನ್ ಹೆಚ್ಚು, ಉಜ್ಜಾಟದ ಬಿಸಿಗೇ ಅದು ಕರಗುತ್ತದೆ. ಥಿನ್ನರ್, ಅಸಿಟೋನ್ ತಗುಲಿದರೂ ಕಥೆ ಮುಗಿಯಿತು. ಫೆವಿಕ್ವಿಕ್‌ನಂಥ ಅಂಟಿನ ಆವಿ ಸಾಕು, ಒಳಗೆಲ್ಲ ಬಿಳಿ ಪೊರೆ.

ತುಂಬುವ ದಾರಿ ಇನ್ನೂ ವಿಚಿತ್ರ. ಬ್ರಿಟನ್ನಿನಲ್ಲಿ ಕ್ಲಿಯರ್, ಅಮೆರಿಕದಲ್ಲಿ ಫ್ಯೂಚರ್ ಎಂದು ಮಾರುತ್ತಿದ್ದ, ನೆಲಕ್ಕೆ ಹಚ್ಚುವ ಅಕ್ರಿಲಿಕ್ ಪಾಲಿಶ್ ಹವ್ಯಾಸಿಗಳ ಅಮೃತವಾಯಿತು. ಅದರಲ್ಲಿ ಕಿಟಕಿಯನ್ನು ಮುಳುಗಿಸಿ, ಅಂಚನ್ನು ಟಿಶ್ಯೂಗೆ ತಾಗಿಸಿ ಹನಿ ಬಸಿದು, ಧೂಳು ಕೂರದಂತೆ ಬಟ್ಟಲು ಬೋರಲು ಹಾಕಿಟ್ಟರೆ, ಸಣ್ಣ ಗೀರುಗಳಲ್ಲಿ ಅಕ್ರಿಲಿಕ್ ತುಂಬಿಕೊಂಡು ಅವು ಕಣ್ಣಿಗೆ ಕಾಣದಾಗುತ್ತವೆ. ಕೆಟ್ಟರೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಲೇಪವನ್ನು ಬಿಡಿಸುತ್ತದೆ. ಕಂಪನಿ ಪಾಲಿಶ್‌ನ ಸೂತ್ರ ಬದಲಿಸಿದಾಗ ಹಳೆಯ ಬಾಟಲಿಗಳಿಗೆ ಹುಡುಕಾಟ ಶುರುವಾಯಿತು. ನೆಲಕ್ಕಾಗಿ ಅಲ್ಲ ಎಂದು ಬೇರೆ ಹೇಳಬೇಕಿಲ್ಲ.

ಬಿರುಕಿಗೆ ಮಾತ್ರ ಇವು ಯಾವುವೂ ಮದ್ದಲ್ಲ. ಅದಕ್ಕೆ ಹೊಸದಾಗಿ ಮಾಡಿದ ಬದಲಿ ಕಿಟಕಿಗಳು ಸಿಗುತ್ತವೆ. ಆದರೆ 1965ರ ಕೋರ್ಗಿ ಜೇಮ್ಸ್ ಬಾಂಡ್ ಆಸ್ಟನ್ ಮಾರ್ಟಿನ್‌ನಂಥ ಕಾರಿನಲ್ಲಿ ಫಳಫಳಿಸುವ ಬದಲಿ ಕಿಟಕಿಗಿಂತ ತುಸು ಗೀರು ಬಿದ್ದ ಅಸಲಿ ಕಿಟಕಿಯೇ ಮೇಲೆಂದು ನನ್ನ ಪಕ್ಷಪಾತ. ಅಲ್ಲದೆ ಕಿಟಕಿ ಹೊರತೆಗೆಯಬೇಕಾದರೆ ತಳದ ರಿವೆಟ್ ಕೊರೆಯಲೇಬೇಕು. ಕೊರೆದ ರಿವೆಟ್ಟನ್ನು ಪಳಗಿದ ಕೊಳ್ಳುಗ ಕಾರು ತಿರುಗಿಸಿದ ಕೂಡಲೇ ಗುರುತಿಸುತ್ತಾನೆ, ಬೆಲೆ ಇಳಿಸುತ್ತಾನೆ. ಆದ್ದರಿಂದ ಅನೇಕರು ಕಾರನ್ನು ಬಿಚ್ಚುವ ಗೋಜಿಗೇ ಹೋಗದೆ, ಸುತ್ತಲ ಬಣ್ಣಕ್ಕೆ ಟೇಪ್ ಅಂಟಿಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಹೊರಗಡೆಯಷ್ಟೇ ಪಾಲಿಶ್ ಮಾಡುತ್ತಾರೆ. ಹೇಗೂ ಮಕ್ಕಳು ಮಾಡಿದ ಗೀರುಗಳಲ್ಲಿ ಹೆಚ್ಚಿನವು ಹೊರಮೈಯಲ್ಲೇ ಇರುತ್ತವೆ.